ಆಯಾಮ ಸೂತ್ರಗಳನ್ನು ಬಾಯಿಪಾಠ ಮಾಡದೆ ಕಲಿಯುವುದು ಹೇಗೆ?

ಮಳೆಗಾಲ ಬಂತೆಂದರೆ ಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಪಟ್ಟಿ ಶುರುವಾಗುತ್ತದೆ. ಕೃಷ್ಣರಾಜಸಾಗರದ ಸಾಲನ್ನೇ ನೋಡಿ: ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ, ಒಳಹರಿವು ಇಷ್ಟು ಸಾವಿರ ಕ್ಯೂಸೆಕ್. ಮೂರೂ ಅದೇ ನೀರಿನ ಲೆಕ್ಕ. ಆದರೂ ಅಡಿಗೆ ಟಿಎಂಸಿ ಕೂಡಿಸಲು ಯಾರೂ ಹೋಗುವುದಿಲ್ಲ. ಮೊದಲನೆಯದು ಎತ್ತರ, ಎರಡನೆಯದು ಗಾತ್ರ, ಮೂರನೆಯದು ಒಂದು ಸೆಕೆಂಡಿಗೆ ಹರಿದುಬರುವ ಗಾತ್ರ. ಹೀಗೆ ಒಂದು ಪರಿಮಾಣ ಯಾವ ಬಗೆಯದು ಎಂಬುದನ್ನು ಹೇಳುವುದೇ ಅದರ ಆಯಾಮ.

ಈಗ ಒಂದು ಪ್ರಶ್ನೆ. ಇದೇ ಅಣೆಕಟ್ಟೆಯಲ್ಲಿ 30 ಟಿಎಂಸಿ ನೀರಿದೆ, ಹೊರಹರಿವು ಕಳೆದು ದಿನವಿಡೀ 25,000 ಕ್ಯೂಸೆಕ್ ಉಳಿಯುತ್ತಿದೆ ಎಂದುಕೊಳ್ಳಿ. ತುಂಬಲು ಎಷ್ಟು ದಿನ ಬೇಕು? ನಿಮಗೆ ಬೇಕಿರುವುದು ಕಾಲ. ಕೈಯಲ್ಲಿರುವುದು ಗಾತ್ರ ಮತ್ತು ಕಾಲಕ್ಕೆ ಇಷ್ಟು ಗಾತ್ರ ಎಂಬ ದರ. ಗಾತ್ರವನ್ನು ದರದಿಂದ ಭಾಗಿಸಿದರೆ ಮಾತ್ರ ಕಾಲ ಉಳಿಯುತ್ತದೆ. ಗುಣಿಸಿದರೆ ಅರ್ಥವಿಲ್ಲದ ಏನೋ ಬರುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡ್. 25,000 ಕ್ಯೂಸೆಕ್‌ನಿಂದ ದಿನಕ್ಕೆ 2.16 ಟಿಎಂಸಿ ಸೇರುತ್ತದೆ, ಉಳಿದ 19.45 ಟಿಎಂಸಿಗೆ ಸುಮಾರು ಒಂಬತ್ತು ದಿನ. ಸೂತ್ರವನ್ನು ಯಾರೂ ಕೊಡಲಿಲ್ಲ, ಪರಿಮಾಣಗಳ ಬಗೆ ನೋಡಿಯೇ ದಾರಿ ಸಿಕ್ಕಿತು.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಆಯಾಮಗಳ ಪಾಠ ಮೊದಲಲ್ಲೇ ಬರುತ್ತದೆ. ಬಹಳ ಮಂದಿ ಅದರ ಕೊನೆಯ ಕೋಷ್ಟಕವನ್ನು ಗಟ್ಟು ಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆ ಕೋಷ್ಟಕ ಕಲಿಯಬೇಕಾದ್ದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕಾದಾಗ ಅರ್ಧ ನಿಮಿಷದಲ್ಲಿ ಕಟ್ಟಿಕೊಳ್ಳುವ ಕೈಚಳಕ ಸಾಕು.

ಹಂತ 1: ಏಕಮಾನ ಬೇರೆ, ಆಯಾಮ ಬೇರೆ

ಅಡಿ, ಮೀಟರ್, ಮೈಲಿ, ಗೇಣು ಇವೆಲ್ಲ ಬೇರೆ ಬೇರೆ ಏಕಮಾನಗಳು, ಆದರೆ ಎಲ್ಲದರ ಆಯಾಮ ಒಂದೇ: ಉದ್ದ. ಗುಂಟೆ, ಎಕರೆ, ಚದರ ಮೀಟರ್ ಮೂರರ ಆಯಾಮ ಉದ್ದದ ವರ್ಗ. ಏಕಮಾನ ಬದಲಾದರೆ ಸಂಖ್ಯೆ ಬದಲಾಗುತ್ತದೆ, ಆಯಾಮ ಬದಲಾಗದು.

ಅಂತರರಾಷ್ಟ್ರೀಯ ಏಕಮಾನ ಪದ್ಧತಿ ಏಳು ಮೂಲ ಪರಿಮಾಣಗಳನ್ನು ಒಪ್ಪಿಕೊಂಡಿದೆ: ಉದ್ದ, ದ್ರವ್ಯರಾಶಿ, ಕಾಲ, ವಿದ್ಯುತ್ ಪ್ರವಾಹ, ತಾಪ, ವಸ್ತುವಿನ ಮೊತ್ತ, ಬೆಳಕಿನ ತೀವ್ರತೆ. ಗಾಬರಿ ಬೇಡ. ಚಲನೆ, ಬಲ, ಶಕ್ತಿ ಎಂಬ ಇಡೀ ಯಂತ್ರಶಾಸ್ತ್ರ ಮೊದಲ ಮೂರರಲ್ಲೇ ಮುಗಿಯುತ್ತದೆ. ದ್ರವ್ಯರಾಶಿಗೆ ಎಂ, ಉದ್ದಕ್ಕೆ ಎಲ್, ಕಾಲಕ್ಕೆ ಟಿ. ಶಾಖದ ಪಾಠದಲ್ಲಿ ತಾಪಕ್ಕೆ ಕೆ, ವಿದ್ಯುತ್ತಿನ ಪಾಠದಲ್ಲಿ ಪ್ರವಾಹಕ್ಕೆ ಎ ಸೇರುತ್ತವೆ. ಕೊನೆಯ ಎರಡು ಈ ಮಟ್ಟದ ಲೆಕ್ಕಗಳಲ್ಲಿ ಅಪರೂಪ. ಆಯಾಮವನ್ನು ಹೀಗೆ ಅಕ್ಷರಗಳಲ್ಲಿ ಬರೆದದ್ದೇ ಆಯಾಮ ಸೂತ್ರ, ಅದಕ್ಕೆ ಚೌಕ ಆವರಣ ಹಾಕುವುದು ರೂಢಿ. ಉದಾಹರಣೆಗೆ ಗಾತ್ರ [ಎಲ್³], ಕ್ಯೂಸೆಕ್‌ನಲ್ಲಿ ಅಳೆಯುವ ಹರಿವು [ಎಲ್³ ಟಿ⁻¹].

ಭೌತ ಪರಿಮಾಣಗಳಿಗೆ ಹೀಗೆ ಆಯಾಮ ಕಟ್ಟುವ ಯೋಚನೆ ಫ್ರಾನ್ಸಿನ ಜೋಸೆಫ್ ಫೂರಿಯೆ ಶಾಖದ ಬಗ್ಗೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅಕ್ಷರಗಳ ಈ ರೂಢಿಯನ್ನು ಗಟ್ಟಿ ಮಾಡಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ಹಂತ 2: ವ್ಯಾಖ್ಯೆಯಿಂದ ಕಟ್ಟುತ್ತಾ ಹೋಗಿ

ಒಂದು ಪರಿಮಾಣದ ಆಯಾಮ ಬೇಕಾದರೆ ಅದರ ವ್ಯಾಖ್ಯೆಯನ್ನು ಜೋರಾಗಿ ಹೇಳಿಕೊಳ್ಳಿ. ವ್ಯಾಖ್ಯೆ ಗೊತ್ತಿದ್ದರೆ ಆಯಾಮ ಗೊತ್ತಿದ್ದಂತೆಯೇ.

ವೇಗ = ದೂರ ÷ ಕಾಲ: [ಎಲ್ ಟಿ⁻¹]
ವೇಗೋತ್ಕರ್ಷ = ವೇಗ ÷ ಕಾಲ: [ಎಲ್ ಟಿ⁻²]
ಬಲ = ದ್ರವ್ಯರಾಶಿ × ವೇಗೋತ್ಕರ್ಷ: [ಎಂ ಎಲ್ ಟಿ⁻²]
ಕೆಲಸ = ಬಲ × ದೂರ: [ಎಂ ಎಲ್² ಟಿ⁻²]
ಸಾಮರ್ಥ್ಯ = ಕೆಲಸ ÷ ಕಾಲ: [ಎಂ ಎಲ್² ಟಿ⁻³]
ಒತ್ತಡ = ಬಲ ÷ ವಿಸ್ತೀರ್ಣ: [ಎಂ ಎಲ್⁻¹ ಟಿ⁻²]

ಪ್ರತಿ ಸಾಲೂ ಮೇಲಿನ ಸಾಲುಗಳ ಮೇಲೆ ನಿಂತಿದೆ. ಬಲದವರೆಗೆ ಬಂದರೆ ಮುಂದಿನದೆಲ್ಲ ಸಲೀಸು. ಮೇಲ್ಮೈ ಎಳೆತ ಎಂದರೆ ಉದ್ದಕ್ಕೆ ಇಷ್ಟು ಬಲ, ಹಾಗಾಗಿ [ಎಂ ಟಿ⁻²]. ಸ್ಪ್ರಿಂಗ್‌ನ ಸ್ಥಿರಾಂಕವೂ ಬಲ ಭಾಗಿಸು ಉದ್ದ, ಅದರದೂ [ಎಂ ಟಿ⁻²].

ಸ್ಥಿರಾಂಕಗಳಿಗೆ ವ್ಯಾಖ್ಯೆಯ ಬದಲು ಅವು ಬರುವ ಸೂತ್ರವನ್ನೇ ತಿರುಗಿಸಿ. ನ್ಯೂಟನ್ನರ ಗುರುತ್ವ ನಿಯಮದಲ್ಲಿ ಬಲ = ಗುರುತ್ವ ಸ್ಥಿರಾಂಕ × ದ್ರವ್ಯರಾಶಿ × ದ್ರವ್ಯರಾಶಿ ÷ ದೂರ². ಸ್ಥಿರಾಂಕವನ್ನು ಒಂಟಿಯಾಗಿಸಿದರೆ ಬಲ × ದೂರ² ÷ ದ್ರವ್ಯರಾಶಿ², ಅಂದರೆ [ಎಂ⁻¹ ಎಲ್³ ಟಿ⁻²]. ಪ್ಲಾಂಕ್ ಸ್ಥಿರಾಂಕ? ಶಕ್ತಿ = ಸ್ಥಿರಾಂಕ × ಆವೃತ್ತಿ, ಆವೃತ್ತಿಯ ಆಯಾಮ [ಟಿ⁻¹], ಆದ್ದರಿಂದ ಸ್ಥಿರಾಂಕ [ಎಂ ಎಲ್² ಟಿ⁻¹]. ಇದು ಕೋನೀಯ ಸಂವೇಗದ ಆಯಾಮವೂ ಹೌದು. ಪರಮಾಣುವಿನ ಪಾಠದಲ್ಲಿ ಬೋರ್ ಇವೆರಡನ್ನೂ ಒಂದೇ ಸಮೀಕರಣದಲ್ಲಿ ಕೂರಿಸುವಾಗ ಇದನ್ನು ನೆನಪಿಸಿಕೊಳ್ಳಿ.

ವಿದ್ಯುತ್ತಿನಲ್ಲೂ ಇದೇ ಆಟ. ವಿದ್ಯುದಂಶ = ಪ್ರವಾಹ × ಕಾಲ, [ಎ ಟಿ]. ವಿಭವಾಂತರ = ಕೆಲಸ ÷ ವಿದ್ಯುದಂಶ, [ಎಂ ಎಲ್² ಟಿ⁻³ ಎ⁻¹]. ರೋಧ = ವಿಭವಾಂತರ ÷ ಪ್ರವಾಹ, [ಎಂ ಎಲ್² ಟಿ⁻³ ಎ⁻²]. ಕೋಷ್ಟಕದಲ್ಲಿ ಕಂಡಾಗ ಭಯ ಹುಟ್ಟಿಸುವ ಈ ಸಾಲು ಒಂದು ಗುಣಾಕಾರ, ಎರಡು ಭಾಗಾಕಾರಗಳ ಫಲ, ಅಷ್ಟೆ.

ಹಂತ 3: ಎರಡು ಕಟ್ಟಳೆಗಳು

ಮೊದಲನೆಯದು, ಕೂಡುವುದು, ಕಳೆಯುವುದು, ಸಮ ಎನ್ನುವುದು ಒಂದೇ ಆಯಾಮದವುಗಳ ನಡುವೆ ಮಾತ್ರ. ಗುಣಾಕಾರ, ಭಾಗಾಕಾರಕ್ಕೆ ಈ ನಿರ್ಬಂಧವಿಲ್ಲ.

ಎರಡನೆಯದು, ಸೈನ್, ಕೊಸೈನ್, ಲಾಗ್, ಘಾತೀಯ ಫಲನಗಳ ಒಳಗೆ ಹೋಗುವುದು ಬರೀ ಸಂಖ್ಯೆಯಾಗಿರಬೇಕು. 'ಮೂರು ಮೀಟರ್‌ನ ಸೈನ್' ಎಂದರೆ ಅರ್ಥವೇ ಇಲ್ಲ. ತರಂಗದ ಸಮೀಕರಣದಲ್ಲಿ ಸೈನ್ ಒಳಗೆ ಒಮೆಗಾ × ಕಾಲ ಇದ್ದರೆ ಒಮೆಗಾದ ಆಯಾಮ [ಟಿ⁻¹] ಆಗಲೇಬೇಕು, ಬೇರೆ ದಾರಿಯಿಲ್ಲ. ಕೋನವೂ ಬರೀ ಸಂಖ್ಯೆಯೇ: ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದ್ದು. ಹಾಗಾಗಿ ಕೋನಕ್ಕೆ ರೇಡಿಯನ್ ಎಂಬ ಏಕಮಾನ ಉಂಟು, ಆಯಾಮ ಇಲ್ಲ.

ಸಿಇಟಿಗೆ ಓದುವವರು ಖಂಡಿತ ಎದುರಿಸುವ ಒಂದು ಪ್ರಶ್ನೆ ಈ ಮೊದಲ ಕಟ್ಟಳೆಯ ಮೇಲೆಯೇ ನಿಂತಿದೆ. ವಾನ್ ಡರ್ ವಾಲ್ಸ್ ಅನಿಲ ಸಮೀಕರಣದ ಎಡಭಾಗ ಹೀಗಿದೆ: (ಒತ್ತಡ + ಎ ÷ ಗಾತ್ರ²) × (ಗಾತ್ರ − ಬಿ). ಇಲ್ಲಿ ಎ, ಬಿ ಎರಡು ಸ್ಥಿರಾಂಕಗಳು, ಪ್ರವಾಹದ ಎ ಅಲ್ಲ. ಗಾತ್ರದಿಂದ ಕಳೆಯಲಾಗಿರುವುದರಿಂದ ಬಿ ಗಾತ್ರವೇ, [ಎಲ್³]. ಒತ್ತಡಕ್ಕೆ ಕೂಡಿಸಲಾಗಿರುವುದರಿಂದ ಎ ÷ ಗಾತ್ರ² ಒತ್ತಡವೇ, ಆದ್ದರಿಂದ ಎ ಎಂದರೆ ಒತ್ತಡ × ಗಾತ್ರ², ಅಂದರೆ [ಎಂ ಎಲ್⁵ ಟಿ⁻²]. ಸಮೀಕರಣದ ಬಲಭಾಗವನ್ನು ನೋಡುವ ಅಗತ್ಯವೇ ಬರಲಿಲ್ಲ.

ಹಂತ 4: ಸಮೀಕರಣ ತಪಾಸಣೆ, ಮತ್ತು ಎಲ್ಲರನ್ನೂ ಬೀಳಿಸುವ ಒಂದು ಸೂತ್ರ

ಪರೀಕ್ಷೆಯ ಕೊಠಡಿಯಲ್ಲಿ ಆಯಾಮ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಸ್ಪ್ರಿಂಗ್‌ಗೆ ಕಟ್ಟಿದ ಗುಂಡಿನ ಆವರ್ತ ಕಾಲದ (ಒಂದು ಪೂರ್ತಿ ಓಲಾಟಕ್ಕೆ ಹಿಡಿಯುವ ಕಾಲ) ಸೂತ್ರದಲ್ಲಿ ವರ್ಗಮೂಲದೊಳಗೆ ದ್ರವ್ಯರಾಶಿ ಮೇಲೋ, ಸ್ಪ್ರಿಂಗ್ ಸ್ಥಿರಾಂಕ ಮೇಲೋ? ದ್ರವ್ಯರಾಶಿ ÷ ಸ್ಥಿರಾಂಕ = [ಎಂ] ÷ [ಎಂ ಟಿ⁻²] = [ಟಿ²]. ವರ್ಗಮೂಲ ತೆಗೆದರೆ ಕಾಲ. ಸರಿ, ದ್ರವ್ಯರಾಶಿಯೇ ಮೇಲೆ.

ಚಲನೆಯ ಸೂತ್ರ: ದೂರ = ಆರಂಭಿಕ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ². ಬಲಗಡೆಯ ಎರಡೂ ಪದಗಳು [ಎಲ್]. ಕೊನೆಯ ಕಾಲದ ಮೇಲಿನ 2 ಬರೆಯಲು ಮರೆತರೆ ಆ ಪದ [ಎಲ್ ಟಿ⁻¹] ಆಗಿ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ½ ಬರೆಯಲು ಮರೆತರೆ ಆಯಾಮ ತುಟಿ ಬಿಚ್ಚುವುದಿಲ್ಲ. ಈ ಮಿತಿ ಸದಾ ನೆನಪಿರಲಿ: ಆಯಾಮ ತಪ್ಪಿದ್ದರೆ ಸೂತ್ರ ಖಂಡಿತ ತಪ್ಪು; ಆಯಾಮ ಸರಿಯಿದ್ದರೆ ಸೂತ್ರ ಸರಿ ಇರಬಹುದು.

ಈಗ ತೊಡಕಿನದು. ವೇಗೋತ್ಕರ್ಷದಿಂದ ಚಲಿಸುವ ವಸ್ತು ಎನ್‌ನೇ ಸೆಕೆಂಡಿನಲ್ಲಿ ಸಾಗಿದ ದೂರಕ್ಕೆ ಪುಸ್ತಕಗಳು ಕೊಡುವ ಸೂತ್ರ ಇದು:

ಎನ್‌ನೇ ಸೆಕೆಂಡಿನ ದೂರ = ಆರಂಭಿಕ ವೇಗ + ½ × ವೇಗೋತ್ಕರ್ಷ × (2ಎನ್ − 1)

ತಪಾಸಣೆ ಮಾಡಿ. ಎಡಗಡೆ [ಎಲ್]. ಬಲಗಡೆ ಮೊದಲ ಪದ [ಎಲ್ ಟಿ⁻¹], ಎನ್ ಬರೀ ಸಂಖ್ಯೆ ಎಂದುಕೊಂಡರೆ ಎರಡನೆಯದು [ಎಲ್ ಟಿ⁻²]. ಮೂರು ಪದ, ಮೂರು ಆಯಾಮ! ಮೇಲಿನ ಕಟ್ಟಳೆಯ ಪ್ರಕಾರ ಸೂತ್ರ ತಪ್ಪಾಗಬೇಕು. ಆದರೆ ಬಿಟ್ಟ ಕಲ್ಲಿಗೆ ವೇಗೋತ್ಕರ್ಷ 10 ಎಂದು ಹಿಡಿದು ಮೂರನೇ ಸೆಕೆಂಡಿಗೆ ಲೆಕ್ಕ ಹಾಕಿದರೆ 5 × 5 = 25 ಮೀಟರ್ ಬರುತ್ತದೆ; ಮೂರು ಸೆಕೆಂಡಿನ 45 ಮೀಟರ್‌ನಿಂದ ಎರಡು ಸೆಕೆಂಡಿನ 20 ಕಳೆದರೂ 25. ಉತ್ತರ ಸರಿಯೇ ಇದೆ.

ಗುಟ್ಟು ಸೂತ್ರ ಹುಟ್ಟಿದ ಕಡೆ ಇದೆ. ಎನ್ ಸೆಕೆಂಡಿನ ದೂರದಿಂದ (ಎನ್ − 1) ಸೆಕೆಂಡಿನ ದೂರ ಕಳೆದಾಗ ಮೊದಲ ಪದ 'ಆರಂಭಿಕ ವೇಗ × 1 ಸೆಕೆಂಡ್' ಆಗಿರುತ್ತದೆ, ಎರಡನೆಯದರಲ್ಲಿ '1 ಸೆಕೆಂಡಿನ ವರ್ಗ' ಇರುತ್ತದೆ. ಒಂದರಿಂದ ಗುಣಿಸಿದರೆ ಸಂಖ್ಯೆ ಬದಲಾಗದು ಎಂದು ಪುಸ್ತಕ ಆ ಒಂದನ್ನು ಬರೆಯದೆ ಬಿಡುತ್ತದೆ, ಅದರ ಜೊತೆ ಸೆಕೆಂಡೂ ಮಾಯವಾಗುತ್ತದೆ. ಕಾಲವನ್ನು ನಿಮಿಷದಲ್ಲಿ ಅಳೆದು ಇದೇ ಸೂತ್ರದಿಂದ ಎನ್‌ನೇ ಸೆಕೆಂಡಿನ ದೂರ ಹುಡುಕಿದರೆ ಉತ್ತರ ಕೆಡುತ್ತದೆ. ಆಯಾಮದ ತಪಾಸಣೆ ಇಲ್ಲಿ ಸೋತಿಲ್ಲ. ಬರವಣಿಗೆಯ ಸೋಮಾರಿತನವನ್ನು ಹಿಡಿದುಕೊಟ್ಟಿದೆ. ಈ ಸೂತ್ರವನ್ನು ಹೀಗೆ ಅಚ್ಚು ಹಾಕುವುದನ್ನು ನಿಲ್ಲಿಸಿದರೆ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಹಂತ 5: ಸೂತ್ರವನ್ನೇ ಊಹಿಸುವುದು

ಸರಳ ಲೋಲಕದ ಆವರ್ತ ಕಾಲ ಯಾವುದರ ಮೇಲೆ ನಿಂತಿರಬಹುದು? ಗುಂಡಿನ ದ್ರವ್ಯರಾಶಿ, ದಾರದ ಉದ್ದ, ಗುರುತ್ವ ವೇಗೋತ್ಕರ್ಷ, ಈ ಮೂರನ್ನು ಅನುಮಾನಿಸೋಣ. ಎಷ್ಟೆಷ್ಟು ಘಾತದಲ್ಲಿ ಎಂಬುದು ಗೊತ್ತಿಲ್ಲ, ಅವಕ್ಕೆ ಕ, ಖ, ಗ ಎನ್ನಿ:

ಆವರ್ತ ಕಾಲ = ಸಂಖ್ಯೆ × ದ್ರವ್ಯರಾಶಿಯ ಕ ಘಾತ × ಉದ್ದದ ಖ ಘಾತ × ಗುರುತ್ವ ವೇಗೋತ್ಕರ್ಷದ ಗ ಘಾತ

ಎಡಗಡೆ ಬರೀ [ಟಿ]. ಬಲಗಡೆ ಎಂ‌ನ ಘಾತ ಕ, ಎಲ್‌ನ ಘಾತ ಖ + ಗ, ಟಿಯ ಘಾತ −2ಗ. ಎರಡೂ ಕಡೆ ಹೋಲಿಸಿ: ಕ = 0, ಖ + ಗ = 0, −2ಗ = 1. ಹಾಗಾಗಿ ಗ = −½, ಖ = ½. ಆವರ್ತ ಕಾಲ = ಸಂಖ್ಯೆ × √(ಉದ್ದ ÷ ಗುರುತ್ವ ವೇಗೋತ್ಕರ್ಷ).

ಗುಂಡು ಭಾರವಿರಲಿ ಹಗುರವಿರಲಿ ಕಾಲ ಒಂದೇ ಎಂಬುದು ಪ್ರಯೋಗ ಮಾಡದೆಯೇ ಕೈಗೆ ಬಂತು. ಗುರುತ್ವ ಆರನೇ ಒಂದರಷ್ಟಿರುವ ಚಂದ್ರನ ಮೇಲೆ ಅದೇ ಲೋಲಕ √6, ಅಂದರೆ ಸುಮಾರು 2.45 ಪಟ್ಟು ನಿಧಾನ ಎಂದೂ ಹೇಳಬಹುದು. ಆದರೆ ಆ ಸಂಖ್ಯೆ 2 ಪೈ ಎಂದು ಈ ವಿಧಾನ ಹೇಳಲಾರದು. ಅದಕ್ಕೆ ಚಲನೆಯ ಸಮೀಕರಣ ಬಿಡಿಸಬೇಕು, ಇಲ್ಲವೇ ಪ್ರಯೋಗಾಲಯದಲ್ಲಿ ಗಡಿಯಾರ ಹಿಡಿಯಬೇಕು. ಲೋಲಕವನ್ನು ಎಷ್ಟು ಕೋನಕ್ಕೆ ಎಳೆದು ಬಿಟ್ಟಿರಿ ಎಂಬುದರ ಬಗ್ಗೆಯೂ ಅದು ಮೌನ, ಏಕೆಂದರೆ ಕೋನಕ್ಕೆ ಆಯಾಮವಿಲ್ಲ. ದೊಡ್ಡ ಕೋನಕ್ಕೆ ಕಾಲ ಹೆಚ್ಚುವುದು ನಿಜ. ಆ ಸಂಗತಿ 'ಸಂಖ್ಯೆ' ಎಂದು ನಾವು ಬರೆದ ಜಾಗದಲ್ಲಿ ಅಡಗಿ ಕೂತಿರುತ್ತದೆ.

ಇದೇ ವಿಧಾನದ ಅತಿ ಹೆಸರಾದ ಬಳಕೆ ಬೇರೆಯೇ ಗಾತ್ರದ್ದು. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆಯಿತು. ಮುಂದೆ ಬಹಿರಂಗವಾದ ಬೆಂಕಿಯುಂಡೆಯ ಫೋಟೊಗಳಲ್ಲಿ ಕ್ಷಣದ ಲೆಕ್ಕವೂ ಅಳತೆಗೆರೆಯೂ ಇದ್ದವು. ಬ್ರಿಟಿಷ್ ವಿಜ್ಞಾನಿ ಜೆಫ್ರಿ ಟೇಲರ್ ಆ ಚಿತ್ರಗಳಿಂದಲೇ ಸ್ಫೋಟದ ಶಕ್ತಿಯನ್ನು ಅಂದಾಜಿಸಿ 1950ರಲ್ಲಿ ಪ್ರಕಟಿಸಿದರು.

ನೀವೂ ಮಾಡಿ ನೋಡಿ. ಬೆಂಕಿಯುಂಡೆಯ ತ್ರಿಜ್ಯ ಮೂರನ್ನು ಅವಲಂಬಿಸುತ್ತದೆ: ಶಕ್ತಿ [ಎಂ ಎಲ್² ಟಿ⁻²], ಗಾಳಿಯ ಸಾಂದ್ರತೆ [ಎಂ ಎಲ್⁻³], ಕಳೆದ ಕಾಲ [ಟಿ]. ತ್ರಿಜ್ಯದಲ್ಲಿ ಎಂ ಇಲ್ಲ, ಆದ್ದರಿಂದ ಶಕ್ತಿಯನ್ನು ಸಾಂದ್ರತೆಯಿಂದ ಭಾಗಿಸಿ ಎಂ ಹೊಡೆದುಹಾಕಿ: [ಎಲ್⁵ ಟಿ⁻²]. ಕಾಲದ ವರ್ಗದಿಂದ ಗುಣಿಸಿದರೆ [ಎಲ್⁵] ಉಳಿಯಿತು. ಅಂದರೆ ತ್ರಿಜ್ಯ⁵ = ಸಂಖ್ಯೆ × ಶಕ್ತಿ × ಕಾಲ² ÷ ಸಾಂದ್ರತೆ. ಟೇಲರ್ ಆ ಸಂಖ್ಯೆಯನ್ನೂ ಲೆಕ್ಕ ಹಾಕಿದ್ದರು, ಗಾಳಿಯಲ್ಲಿ ಅದು 1ಕ್ಕೆ ಬಹಳ ಹತ್ತಿರ. 0.025 ಸೆಕೆಂಡಿನ ಚಿತ್ರದಲ್ಲಿ ತ್ರಿಜ್ಯ ಸುಮಾರು 140 ಮೀಟರ್. ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ ಎಂದು ಹಾಕಿದರೆ ಶಕ್ತಿ ಸುಮಾರು 10¹⁴ ಜೂಲ್, ಅಂದರೆ ಹತ್ತಿರಹತ್ತಿರ 25 ಸಾವಿರ ಟನ್ ಟಿಎನ್‌ಟಿಗೆ ಸಮ. ಚಿತ್ರದಿಂದ ತ್ರಿಜ್ಯವನ್ನು 130 ಎಂದು ಓದಿದರೆ ಉತ್ತರ 17 ಸಾವಿರ ಟನ್ನಿಗೆ ಇಳಿಯುತ್ತದೆ. ಟೇಲರ್ ಕೊಟ್ಟ ಅಂದಾಜೂ ಸುಮಾರು ಅಷ್ಟೇ. ಐದನೇ ಘಾತ ಇರುವುದರಿಂದ ಅಳತೆಯ ಸಣ್ಣ ವ್ಯತ್ಯಾಸವೂ ಇಷ್ಟು ದೊಡ್ಡದಾಗುತ್ತದೆ. ಹಾಗಿದ್ದೂ ಇಂದು ಒಪ್ಪಿತವಾಗಿರುವ 21ರಿಂದ 25 ಸಾವಿರ ಟನ್‌ಗಳ ಆಸುಪಾಸಿಗೆ ಒಂದು ಫೋಟೊ ನಮ್ಮನ್ನು ತಂದು ನಿಲ್ಲಿಸಿತು.

ಎಲ್ಲಿ ಕೈಕೊಡುತ್ತದೆ

ಯಂತ್ರಶಾಸ್ತ್ರದಲ್ಲಿ ಹೋಲಿಸಲು ಇರುವುದು ಎಂ, ಎಲ್, ಟಿ ಎಂಬ ಮೂರೇ. ಆದ್ದರಿಂದ ಗೊತ್ತಿಲ್ಲದ ಘಾತಗಳು ಮೂರನ್ನು ಮೀರಿದರೆ ಸಮೀಕರಣಗಳು ಸಾಲುವುದಿಲ್ಲ. ಎರಡು ಪದಗಳ ಮೊತ್ತವಾಗಿರುವ ಸೂತ್ರವನ್ನೂ ಹೀಗೆ ಹೊರತೆಗೆಯಲಾಗದು. ಟಾರ್ಕ್ ಮತ್ತು ಕೆಲಸ ಎರಡರದೂ [ಎಂ ಎಲ್² ಟಿ⁻²], ಆದರೆ ಅವು ಒಂದೇ ಅಲ್ಲ. ಒಂದರಲ್ಲಿ ಬಲಕ್ಕೆ ಲಂಬವಾದ ದೂರ, ಇನ್ನೊಂದರಲ್ಲಿ ಬಲದ ದಿಕ್ಕಿನ ದೂರ. ಅದಕ್ಕೇ ಟಾರ್ಕನ್ನು ಜೂಲ್ ಎಂದು ಬರೆಯದೆ ನ್ಯೂಟನ್-ಮೀಟರ್ ಎಂದೇ ಬರೆಯುತ್ತಾರೆ.

ಏಕಮಾನದ ತಪ್ಪನ್ನೂ ಆಯಾಮ ಹಿಡಿಯದು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ಕಳೆದುಹೋಯಿತು. ಒಂದು ತಂಡದ ತಂತ್ರಾಂಶ ಆವೇಗವನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟರೆ, ಇನ್ನೊಂದು ತಂಡದ್ದು ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡಿತು. ಎರಡರ ಆಯಾಮವೂ [ಎಂ ಎಲ್ ಟಿ⁻¹], ಸಂಖ್ಯೆಯಲ್ಲಿ ಮಾತ್ರ 4.45 ಪಟ್ಟು ವ್ಯತ್ಯಾಸ. ಆದ್ದರಿಂದ ಆಯಾಮ ನೋಡಿದ ಮೇಲೆ ಎಲ್ಲ ಬೆಲೆಗಳೂ ಒಂದೇ ಪದ್ಧತಿಯ ಏಕಮಾನದಲ್ಲಿವೆಯೇ ಎಂದು ಇನ್ನೊಮ್ಮೆ ನೋಡಿ.

ಏಕಮಾನ ಬದಲಿಸುವಾಗ ಆಯಾಮ ಸೂತ್ರವೇ ದಾರಿ ತೋರುತ್ತದೆ. ನ್ಯೂಟನ್ನನ್ನು ಡೈನ್‌ಗೆ ತರಬೇಕು, ಬಲ [ಎಂ ಎಲ್ ಟಿ⁻²]. ಕಿಲೋಗ್ರಾಂ ಗ್ರಾಂ ಆದಾಗ 1000, ಮೀಟರ್ ಸೆಂಟಿಮೀಟರ್ ಆದಾಗ 100, ಸೆಕೆಂಡ್ ಹಾಗೆಯೇ. 1000 × 100 = 10⁵ ಡೈನ್. ಜೂಲ್‌ನಲ್ಲಿ ಎಲ್ ಎರಡು ಸಲ ಇರುವುದರಿಂದ ಇನ್ನೊಂದು 100 ಸೇರಿ 10⁷ ಎರ್ಗ್.

ಕೈಗೆಟುಕುವ ಅಭ್ಯಾಸಗಳು

ಉತ್ತರ ಓದುವ ಮೊದಲು ಕಾಗದದ ಮೇಲೆ ಬಿಡಿಸಿ.

ಒಂದು: ಮಳೆಯ ನೀರು ಗಾತ್ರವಾದರೂ ಹವಾಮಾನ ವರದಿ ಅದನ್ನು ಮಿಲಿಮೀಟರ್‌ನಲ್ಲಿ ಹೇಳುವುದೇಕೆ? ಅದು ವಿಸ್ತೀರ್ಣಕ್ಕೆ ಬಿದ್ದ ಗಾತ್ರ; [ಎಲ್³] ÷ [ಎಲ್²] = [ಎಲ್]. 30 × 40 ಅಡಿ ಸೈಟಿನ ವಿಸ್ತೀರ್ಣ ಸುಮಾರು 111.5 ಚದರ ಮೀಟರ್, 20 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಸುಮಾರು 2,230 ಲೀಟರ್ ನೀರು.

ಎರಡು: ಕರೆಂಟ್ ಬಿಲ್ಲಿನ 'ಯೂನಿಟ್' ಯಾವ ಬಗೆಯ ಪರಿಮಾಣ? 'ಗಂಟೆಗೆ ಒಂದು ಕಿಲೋವ್ಯಾಟ್' ಎಂದು ಹೇಳುವವರು ಬಹಳ, ಆದರೆ ಅದು ಭಾಗಾಕಾರವಲ್ಲ, ಕಿಲೋವ್ಯಾಟ್ × ಗಂಟೆ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ [ಎಂ ಎಲ್² ಟಿ⁻²], ಶಕ್ತಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬಿಲ್ಲಿನಲ್ಲೇ ಇನ್ನೊಂದೆಡೆ ಮಂಜೂರಾದ ಲೋಡ್ ಎಂದು ಕಿಲೋವ್ಯಾಟ್‌ನಲ್ಲಿ ಬರೆದಿರುತ್ತದಲ್ಲ, ಅದು ಸಾಮರ್ಥ್ಯ.

ಮೂರು: ಎಣ್ಣೆಯಲ್ಲಿ ಮೆಲ್ಲಗೆ ಇಳಿಯುವ ಗೋಲಿಯನ್ನು ತಡೆಯುವ ಬಲ ಅದರ ತ್ರಿಜ್ಯ, ವೇಗ ಮತ್ತು ಎಣ್ಣೆಯ ಸ್ನಿಗ್ಧತೆಯನ್ನು ಅವಲಂಬಿಸುತ್ತದೆ. ಸ್ನಿಗ್ಧತೆ [ಎಂ ಎಲ್⁻¹ ಟಿ⁻¹]. ಸೂತ್ರವೇನು? ಎಂ ಒಂದೇ ಕಡೆ ಇರುವುದರಿಂದ ಸ್ನಿಗ್ಧತೆಯ ಘಾತ 1. ಟಿ⁻² ಆಗಲು ವೇಗದ ಘಾತವೂ 1. ಈಗ ಎಲ್‌ನ ಘಾತ −1 + 1 = 0, ಬೇಕಿರುವುದು 1, ಆದ್ದರಿಂದ ತ್ರಿಜ್ಯದ ಘಾತ 1. ಬಲ = ಸಂಖ್ಯೆ × ಸ್ನಿಗ್ಧತೆ × ತ್ರಿಜ್ಯ × ವೇಗ. ಆ ಸಂಖ್ಯೆ 6 ಪೈ, ಅದು ಸ್ಟೋಕ್ಸ್ ನಿಯಮ.